ಕಲಿಸುವವರಿಗೆ ಕಲಿಸಲು ಹೋಗಿ

ಅಕ್ಷರ ಬಾರದವರಿಗೆ ಕಲಿಸುವವನಿಗೆ ಕಷ್ಟ ಒಂದೇ: ಅವರಿಗೆ ಬರುವುದಿಲ್ಲ. ಕಲಿಸುವವರಿಗೆ ಕಲಿಸುವವನಿಗೆ ಕಷ್ಟ ಎರಡು: ಅವರಿಗೆ ಬರುತ್ತದೆ, ಮತ್ತು ತಮಗೆ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾನು ಬಿದ್ದದ್ದು ಈ ಎರಡನೆಯ ಕೆಲಸಕ್ಕೆ. ಹಾಗಾಗಿ ನಗೆಪಾಟಲಿನ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ತಗಡಿನ ಟ್ರಂಕು ಹೊತ್ತು ಯಾವ ಊರಿನಲ್ಲಿ ಇಳಿದರೂ ಅವು ನನಗಿಂತ ಮೊದಲೇ ಬಂದು ಕುಂತಿರುತ್ತಿದ್ದವು.

ನಿಜಾಮರ ಕಾಲದ ಕೊನೆಯ ವರ್ಷಗಳು. ನಮ್ಮ ಕಡೆ ಕಚೇರಿ ಉರ್ದು, ಕೋರ್ಟು ಉರ್ದು, ಸಾಲಿ ಉರ್ದು. ಕನ್ನಡ ಇದ್ದದ್ದು ಅಡಿಗೆಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ. ಯಾದಗಿರಿಯಲ್ಲಿ ನಾಲ್ಕು ಜನ ಹಿರಿಯರು ಕೂಡಿ ಒಂದು ವಾಚನಾಲಯ ತೆರೆದರು. ಪುಸ್ತಕ ಬಂದವು, ಓದುವವರು ಬರಲಿಲ್ಲ. ಯಾಕೆಂದು ನೋಡಿದರೆ, ಓದು ಬರುವವರೇ ಇರಲಿಲ್ಲ. ಆಗ ಹಿರಿಯರು ಒಂದು ತೀರ್ಮಾನಕ್ಕೆ ಬಂದರು: ಹಳ್ಳಿಗೊಬ್ಬ ಓದು ಬಲ್ಲವನನ್ನು ಹಿಡಿಯುವುದು, ಅವನು ಊರಿನ ಹತ್ತು ಹದಿನೈದು ಜನ ದೊಡ್ಡವರಿಗೆ ಕಲಿಸುವುದು. ಅವನಿಗೆ ಕಲಿಸುವ ರೀತಿಯನ್ನು ಕಲಿಸುವವರು ಯಾರು? ನಾನು ಆಗ ಶಹಾಪುರದ ಒಂದು ಖಾಸಗಿ ಕನ್ನಡ ಪಾಠಶಾಲೆಯ ಮಾಸ್ತರ. ನನ್ನ ಅಕ್ಷರ ದುಂಡಗಿದ್ದವು. ನನ್ನಲ್ಲಿ ಅವರು ಕಂಡ ಯೋಗ್ಯತೆ ಅದೊಂದೇ.

ಕೆಂಪು ಶಾಯಿ ತೀರಿದ್ದು

ಕಲಿಸುವವರಿಗಾಗಿ ಒಂದು ಕೈಪಿಡಿ ಬೇಕಲ್ಲ, ಅದನ್ನು ಬರೆದವರು ವಾಚನಾಲಯದ ಹಿರಿಯರಲ್ಲಿ ಒಬ್ಬರಾದ ವಕೀಲರು. ವಕೀಲರು ಬರೆದದ್ದರಿಂದ ಅದರಲ್ಲಿ ಯಾವುದನ್ನೂ ಓದುವವನ ಬುದ್ಧಿಗೆ ಬಿಟ್ಟಿರಲಿಲ್ಲ. ‘ಶಿಕ್ಷಕನು ಒಳಗೆ ಬಂದು ಎಲ್ಲರಿಗೂ ನಮಸ್ಕರಿಸಬೇಕು. ಮಳೆ ಬೆಳೆ ವಿಚಾರಿಸಬೇಕು. ಪಟವನ್ನು ಗೋಡೆಗೆ ತೂಗುಹಾಕಬೇಕು. ಗೋಡೆ ಇಲ್ಲದಿದ್ದಲ್ಲಿ ಗಿಡಕ್ಕೆ.’ ಹೀಗೆ.

ಅದನ್ನು ಹನ್ನೆರಡು ಪ್ರತಿ ಮಾಡುವ ಕೆಲಸ ನನ್ನದು. ಬಾಯಿಬಿಟ್ಟು ಹೇಳಬೇಕಾದ ಪಾಠ ಕಪ್ಪು ಶಾಯಿಯಲ್ಲಿ, ಶಿಕ್ಷಕ ಮನಸ್ಸಿನಲ್ಲಿ ಓದಿಕೊಳ್ಳಬೇಕಾದ ಸೂಚನೆ ಕೆಂಪು ಶಾಯಿಯಲ್ಲಿ ಎಂದು ವಕೀಲರು ಹೇಳಿದ್ದರು. ಹನ್ನೆರಡನೆಯ ಪ್ರತಿಯ ಮೂರನೆಯ ಪುಟಕ್ಕೆ ಕೆಂಪು ಶಾಯಿ ತೀರಿತು. ಮುಂದಿನದೆಲ್ಲ ಕಪ್ಪಿನಲ್ಲಿ ಬರೆದೆ. ಬುದ್ಧಿ ಇದ್ದವನಿಗೆ ತಿಳಿಯುತ್ತದೆ ಎಂದುಕೊಂಡೆ.

ಆ ಪ್ರತಿ ಹೋದದ್ದು ಕೊಂಕಲ್ಲಿನ ಕಿರಾಣಿ ಅಂಗಡಿಯವನ ಕೈಗೆ. ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದಂತೆ ಮಾಡುವವನು. ಹದಿನೈದು ದಿನ ಬಿಟ್ಟು ನೋಡಲು ಹೋದೆ. ದೀಪ ಹಚ್ಚುವ ಹೊತ್ತು. ಅಂಗಡಿಯ ಮುಂದೆ ಹದಿನಾಲ್ಕು ಜನ ರೈತರು ಪಾಟಿ ಹಿಡಿದು ಸಾಲಾಗಿ ಕುಂತಿದ್ದರು. ನನಗೆ ಎದೆ ತುಂಬಿ ಬಂತು. ನಾನು ಹಿಂದೆ ನಿಂತೆ.

ಅಂಗಡಿಯವನು ಪುಸ್ತಕ ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದ: “ಇದು ರ. ಎಲ್ಲರೂ ಹೇಳಿರಿ.”

ಹದಿನಾಲ್ಕು ಕಂಠ: “ಇದು ರ. ಎಲ್ಲರೂ ಹೇಳಿರಿ.”

“ಹೀಗೆ ಮೂರು ಸಲ ಹೇಳಿಸಬೇಕು.”

“ಹೀಗೆ ಮೂರು ಸಲ ಹೇಳಿಸಬೇಕು.”

“ಇಲ್ಲಿ ಶಿಕ್ಷಕನು ಸ್ವಲ್ಪ ನಗಬೇಕು.”

ಅವನೂ ನಗಲಿಲ್ಲ, ಅವರೂ ನಗಲಿಲ್ಲ. ಮಂತ್ರ ಹೇಳುವವರ ಹಾಗೆ ಮುಖ ಮಾಡಿಕೊಂಡು, “ಇಲ್ಲಿ ಶಿಕ್ಷಕನು ಸ್ವಲ್ಪ ನಗಬೇಕು” ಎಂದರು.

“ಯಾರಾದರೂ ತೂಕಡಿಸಿದರೆ ಹೆಸರು ಹಿಡಿದು ಕರೆಯಬೇಕು.”

ಗೋಡೆಗೆ ಒರಗಿ ತೂಕಡಿಸುತ್ತಿದ್ದ ಒಬ್ಬ ಮುದುಕನೂ ಕಣ್ಣು ಮುಚ್ಚಿಕೊಂಡೇ ಆ ಮಾತನ್ನು ಎಲ್ಲರ ಜೊತೆ ಹೇಳಿದ.

ಪಾಠ ಮುಗಿದ ಮೇಲೆ ಅಂಗಡಿಯವನನ್ನು ಒಂದು ಕಡೆ ಕರೆದು, ಕೆಂಪು ಶಾಯಿಯ ಕಥೆ ಹೇಳಿ ಕ್ಷಮೆ ಕೇಳಿದೆ. ಅವನು ತಲೆ ಕೆರೆದುಕೊಂಡ.

“ನನಗೂ ಅನುಮಾನ ಬಂದಿತ್ತ್ರಿ ಮಾಸ್ತರ್ರ. ‘ಶಿಕ್ಷಕನು ಈಗ ನೀರು ಕುಡಿಯಬಹುದು’ ಅಂತ ಓದಿಸಿದಾಗ ಎಲ್ಲಾರೂ ಎದ್ದು ನೀರ್ ಕುಡಿಲಿಕ್ಕೆ ಹೋದ್ರು. ಆದ್ರ ವಕೀಲ್ರು ಬರ್ದದ್ದು, ಬಿಟ್ರ ಏನ್ ಕಾಯ್ದಾ ಬರ್ತದೋ ಅಂತ ಹೆದ್ರಿ ಒಂದ್ ಅಕ್ಷರನೂ ಬಿಡಲಿಲ್ರಿ.”

ಅದರಿಂದ ಆದ ಲಾಭವನ್ನೂ ಹೇಳಬೇಕು. ಮುಂದಿನ ವರ್ಷ ಸುತ್ತಲಿನ ಹಳ್ಳಿಗಳಿಗೆ ಕಲಿಸುವವರು ಬೇಕಾದಾಗ ಆ ಹದಿನಾಲ್ಕರಲ್ಲಿ ಮೂರು ಜನ ಮುಂದೆ ಬಂದರು. ಅವರಿಗೆ ತರಬೇತಿಯೇ ಬೇಕಾಗಲಿಲ್ಲ. ಇಡೀ ಕೈಪಿಡಿ ಅವರಿಗೆ ಬಾಯಿಪಾಠ ಆಗಿತ್ತು, ‘ಪಟವನ್ನು ಇಲಿ ಕಡಿಯದಂತೆ ಎತ್ತಿಡಬೇಕು’ ಎಂಬ ಕೊನೆಯ ಸಾಲಿನವರೆಗೆ.

ಶೀಸೆಯೊಳಗೇನಿದೆ

ಕೈಪಿಡಿಯ ನಂತರ ಚಿತ್ರಪಟ. ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ. ಸುರಪುರದಲ್ಲಿ ಬಣ್ಣದ ಚಿತ್ರ ಬರೆಯುವ ಮನೆತನಗಳಿದ್ದವು. ಅಂಥ ಮನೆಯ ಒಬ್ಬ ಚಿತ್ರಗಾರರು ಒಪ್ಪಿಕೊಂಡರು. ತಿಂಗಳ ಮೇಲೆ ಪಟ ತಂದುಕೊಟ್ಟರು. ಅಂಥ ಕೆಲಸ ನಾನು ಹಿಂದೆ ಕಂಡಿರಲಿಲ್ಲ. ಆನೆಯ ಮೈಮೇಲೆ ಹೊದಿಸಿದ ಝೂಲಿನ ಬಟ್ಟೆಯಲ್ಲಿ ಚಿನ್ನದ ಹೂವು, ಹೂವಿನಲ್ಲಿ ದುಂಬಿ. ಆದರೆ ಆನೆ ನನ್ನ ಹೆಬ್ಬೆರಳಿನಷ್ಟಿತ್ತು.

“ಹಿಂದೆ ಕುಂತವ್ರಿಗೆ ಕಾಣಬೇಕಲ್ರಿ” ಎಂದೆ.

“ಹಿಂದ್ಯಾಕ ಕೂಡಸ್ತೀರಿ? ಮುಂದ ಕರೀರಿ” ಎಂದರು. “ನಮ್ಮ ಮನೆತನದಾಗ ಇದಕ್ಕಿಂತ ದೊಡ್ಡ ಆನಿ ಯಾರೂ ಬರ್ದಿಲ್ಲ.”

ಕಡೆಗೆ ಅಂಗೈ ಅಗಲಕ್ಕೆ ಒಪ್ಪಿಸಿದೆ. ಪಟ ಹಳ್ಳಿಗಳಿಗೆ ಹೋಯಿತು.

ಕೊಡೇಕಲ್ಲಿನಲ್ಲಿ ನಮ್ಮ ಕಡೆಯಿಂದ ಕಲಿಸುತ್ತಿದ್ದವನು ಒಬ್ಬ ದರ್ಜಿ. ಮನೆಯಲ್ಲಿ ದಖನಿ ಮಾತು, ಸಾಲಿಯಲ್ಲಿ ಕಲಿತದ್ದು ಉರ್ದು, ಕನ್ನಡ ತಾನಾಗಿ ಆಸೆಪಟ್ಟು ಕಲಿತದ್ದು. ಜಾತ್ರೆಗೆ ಬಂದವರ ಅಂಗಿ ಹೊಲಿಯುತ್ತ ಅವರಿಂದ ಒಂದೊಂದು ಅಕ್ಷರ ಕೇಳಿ ಕಲಿತನಂತೆ. ಅವನ ವರ್ಗ ನೋಡಲು ಹೋದೆ. ಒಬ್ಬ ಕುರುಬ ಎದ್ದು ಪಟದ ಮುಂದೆ ನಿಂತು ಬೆರಳಿಟ್ಟು ಓದಿದ. ಅ, ಆ, ಇ, ಈ ಎಲ್ಲ ಸರಿ. ಔ ಬಂತು. ಬೆರಳಿಟ್ಟ.

“ದ” ಎಂದ.

ನಾನು ಕೆಮ್ಮಿದೆ. ಅವನು ನನ್ನ ಕಡೆ ನೋಡಿ ಇನ್ನೂ ಗಟ್ಟಿಯಾಗಿ, “ದ!” ಎಂದ. ಉಳಿದವರೂ, “ಹೌದ್ರಿ, ದ” ಎಂದರು.

ದರ್ಜಿಯನ್ನು ಕೇಳಿದೆ. ಅವನು ಸಮಾಧಾನದಿಂದ ಕೈಪಿಡಿ ತೆಗೆದು ತೋರಿಸಿದ: ‘ಚಿತ್ರ ತೋರಿಸಿ ಇದೇನೆಂದು ಕೇಳಬೇಕು. ಅವರು ಹೇಳುವ ಹೆಸರಿನ ಮೊದಲ ಧ್ವನಿಯೇ ಆ ಅಕ್ಷರ.’

“ಔ ಹತ್ರ ಶೀಸಾದ ಚಿತ್ರ ಅದ. ಏನಿದು ಅಂತ ಕೇಳ್ದೆ. ಔಷಧ ಅಂತ ಒಬ್ಬನೂ ಅನಲಿಲ್ಲ. ಎಲ್ಲಾರೂ ದವಾ ಅಂದ್ರು. ಮೊದಲ ಧ್ವನಿ ದ. ಕೈಪಿಡಿ ಪ್ರಕಾರ ದ ಅಂತ ಹೇಳ್ಕೊಟ್ಟೆ.”

“ಆದ್ರ ಮುಂದ ದನದ ಚಿತ್ರ ಇರೋ ದ ಬೇರೆ ಅದಲ್ಲೋ ಮಾರಾಯ!”

“ಅದನ್ನೂ ಹೇಳೀನ್ರಿ. ಒಂದು ದನದ ದ, ಒಂದು ದವಾಖಾನಿ ದ. ಉರ್ದುದಾಗ ಸ ಮೂರ್ ಅವ, ಝ ನಾಕ್ ಅವ. ಕನ್ನಡಕ್ಕ ದ ಎರಡು ಇದ್ರ ಏನ್ ಕಡಿಮಿ ಆತು? ಈ ಜಬಾನೂ ಭಾಳ ದೊಡ್ಡದದ ಅಂತ ನನಗ ಖುಷಿನೇ ಆಗಿತ್ತ್ರಿ.”

ಇಂಥ ಪ್ರೀತಿಗೆ ಏನು ಹೇಳುವುದು? ಎಲ್ಲರೂ ಕುಂತು ಯೋಚಿಸಿದೆವು. ನಮ್ಮ ಸೀಮೆಯ ಬಾಯಲ್ಲಿ ಔ ಅಂತ ಸುರುವಾಗುವ ಮಾತು ಯಾವುದು? ವಕೀಲರು ಆಡುವ ‘ಔದಾರ್ಯ’ದಂಥ ಮಾತು ಕೊಡೇಕಲ್ಲಿನಲ್ಲಿ ನಡೆಯುವುದಿಲ್ಲ. ಅರ್ಧ ತಾಸು ಯಾರಿಗೂ ಏನೂ ಹೊಳೆಯಲಿಲ್ಲ. ಕಡೆಗೆ ಆ ಕುರುಬನೇ ಹೇಳಿದ:

“ಔಡಲ ಅದಲ್ರಿ. ನಮ್ಮ ಹೊಲದ ಬದುವಿನ ತುಂಬ ಔಡಲ ಗಿಡ.”

ನನಗೆ ಅವನ ಕೈ ಹಿಡಿದು ಕುಣಿಯಬೇಕೆನ್ನಿಸಿತು. ಆದರೆ ಚಿತ್ರ? ಮತ್ತೆ ಸುರಪುರಕ್ಕೆ ಹೋಗಿ ಬರೆಸಿ ತರುವುದೆಂದರೆ ಇನ್ನೊಂದು ತಿಂಗಳು. ದರ್ಜಿ ತಟ್ಟನೆ ಅಂದ: “ಚಿತ್ರ ಯಾಕ ಬದಲಿ ಮಾಡ್ತೀರಿ ಮಾಸ್ತರ್ ಸಾಬ್? ಶೀಸಾ ಅದೇ ಇರ್ಲಿ. ಒಳಗಿಂದು ಔಡಲ ಎಣ್ಣಿ ಅನ್ನೂಣು.”

ಹಾಗೇ ಆಯಿತು. ಚಿಕ್ಕಂದಿನಲ್ಲಿ ಅವ್ವ ಮೂಗು ಹಿಡಿದು ಆ ಹರಳೆಣ್ಣೆ ಕುಡಿಸಿದ್ದು ಎಲ್ಲರಿಗೂ ನೆನಪಿತ್ತು. ಅಂದಿನಿಂದ ಆ ವರ್ಗದಲ್ಲಿ ಔ ಮರೆತವರು ಒಬ್ಬರೂ ಇಲ್ಲ. ಯಾರಾದರೂ ಮುಖ ಕಿವುಚಿದರೆ ಸಾಕು, ಓದುತ್ತಿರುವುದು ಯಾವ ಅಕ್ಷರವೆಂದು ಹಿಂದಿನ ಸಾಲಿನವರಿಗೂ ಗೊತ್ತಾಗುತ್ತಿತ್ತು.

ಒತ್ತಕ್ಷರ ಬೇಕ್ರಿ

‘ಕೈಗೆ ಸಿಗುವ ವಸ್ತುಗಳಿಂದಲೇ ಅಕ್ಷರ ಮಾಡಿ ತೋರಿಸಬೇಕು’ ಎಂಬುದು ಕೈಪಿಡಿಯ ಇನ್ನೊಂದು ಮಾತು. ಜೋಳದ ಕಾಳು, ಹಗ್ಗ, ಹುಣಸೆಬೀಜ. ಯಾದಗಿರಿ ಸ್ಟೇಷನ್ನಿನ ಹಮಾಲರಿಗೆ ಕಲಿಸಲು ಒಪ್ಪಿದವನು ಒಬ್ಬ ಹಲವಾಯಿ, ಮಿಠಾಯಿ ಮಾಡುವವನು. ಅವನ ಕೈಗೆ ಸಿಗುತ್ತಿದ್ದದ್ದು ಏನೆಂದು ನಾನು ಮೊದಲೇ ಯೋಚಿಸಬೇಕಾಗಿತ್ತು.

ಮೊದಲ ವಾರ ಆರು ಹಮಾಲರು. ಎರಡನೆಯ ವಾರ ಮೂವತ್ತು. ವಕೀಲರು ಬಹಳ ಖುಷಿಪಟ್ಟು, “ನಡೀರಿ, ನೋಡಿ ಬರೂಣು” ಎಂದು ನನ್ನನ್ನು ಕರೆದುಕೊಂಡು ಹೋದರು.

ಹಲವಾಯಿ ಬಾಣಲೆಯ ಮುಂದೆ ಕುಂತಿದ್ದ. ಹಿಟ್ಟು ತುಂಬಿದ ಬಟ್ಟೆ ಹಿಡಿದು ಕಾದ ತುಪ್ಪದಲ್ಲಿ ಒಂದು ಸುತ್ತು ತಿರುಗಿಸಿದರೆ ರ. ನಡುವೆ ಒಂದು ಬೊಟ್ಟು ಬಿಟ್ಟರೆ ಠ. ಪಾಕದಲ್ಲಿ ಅದ್ದಿ ಎಲೆಯ ಮೇಲೆ ಇಟ್ಟು, “ಇದ್ಯಾವ್ದು?” ಎನ್ನುತ್ತಿದ್ದ. ಅವರು ಹೇಳುತ್ತಿದ್ದರು, ತಿನ್ನುತ್ತಿದ್ದರು. ಅಕ್ಷರ ಇಷ್ಟು ಸೊಗಸಾಗಿ ಹೊಳೆಯುವುದನ್ನು ನಾನು ಅಚ್ಚಿನ ಪುಸ್ತಕದಲ್ಲೂ ನೋಡಿರಲಿಲ್ಲ.

ಆದರೆ ವಕೀಲರು ಪಾಟಿಯ ಮೇಲೆ ದೊಡ್ಡದಾಗಿ ‘ರ’ ಬರೆದು ತೋರಿಸಿದರು. ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಪಾಟಿಯನ್ನು ಮೂಗಿನ ಹತ್ತಿರ ಒಯ್ದ.

“ಇದು ಆರಿ ಹೋಗ್ಯದ್ರಿ. ಬಿಸಿದಿದ್ರ ಹೇಳ್ತಿದ್ದೆ.”

ಇನ್ನೊಬ್ಬ, “ರ ಇರಬೇಕ್ರಿ. ಸಣ್ಣದದ. ನಮಗ ರ ಬ್ಯಾಡ್ರಿ” ಎಂದ.

“ಯಾಕಪ್ಪಾ, ರ ಏನ್ ಮಾಡ್ಯದ?”

“ಒಂದ್ ತುತ್ತಿಗೂ ಸಾಲಂಗಿಲ್ರಿ. ಣ ಕೊಡ್ರಿ. ಇಲ್ಲಂದ್ರ ಒತ್ತಕ್ಷರ ಕೊಡ್ರಿ. ಮೊನ್ನಿ ಕ್ಕ ಮಾಡಿದ್ರು, ಕೆಳಗ ಇನ್ನೊಂದ್ ಸಣ್ಣ ಜಿಲೇಬಿ ಜೋಡ್ ಬಂದಿತ್ತು.”

ವಕೀಲರು ಅಲ್ಲೇ ಕಾಯಿದೆ ಮಾಡಿದರು: ಮೊದಲು ಪಾಟಿಯ ಮೇಲೆ ಬರೆಯಬೇಕು. ಸರಿ ಇದ್ದರೆ ಅದೇ ಅಕ್ಷರ ತಿನ್ನಲು ಸಿಗುತ್ತದೆ. ತಪ್ಪಿದರೆ ಪಕ್ಕದವನಿಗೆ. ಅಂದು ಆ ಮೂವತ್ತು ಜನ ಬರೆದದ್ದನ್ನು ನೋಡಬೇಕಿತ್ತು! ಪಕ್ಕದವನ ಪಾಟಿಯನ್ನು ಯಾರೂ ಕದ್ದು ನೋಡುತ್ತಿರಲಿಲ್ಲ, ಬದಲು ಅವನಿಗೆ ತಪ್ಪು ಹೇಳಿಕೊಡುತ್ತಿದ್ದರು.

ಎರಡು ತಿಂಗಳಲ್ಲಿ ಎಲ್ಲರೂ ತಮ್ಮ ಹೆಸರು ಬರೆಯಲು ಕಲಿತರು. ಗೂಡ್ಸ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ಮೊದಲ ಸಲ ಸಹಿ ಮಾಡಿದ. ಬಾಬು ಬೆರಗಾಗಿ ನೋಡಿದರೆ ಇವನು ತನ್ನ ಸಹಿಯನ್ನೇ ನೋಡುತ್ತ ನಿಂತಿದ್ದಾನೆ.

“ಏನೋ, ಹೆಮ್ಮಿ ಅನಸ್ತದೇನು?”

“ಹಂಗೇನಿಲ್ರಿ ಬಾಬು ಸಾಹೇಬ್ರ. ಹಸಿವಾಗ್ಯದ.”

ಅಜ್ಜನ ನಟನೆ

ಶಹಾಪುರದಲ್ಲಿ ನಾಲ್ಕು ದಿನದ ಶಿಬಿರ. ಹಳ್ಳಿಹಳ್ಳಿಯಿಂದ ಓದು ಬಲ್ಲವರು ಬಂದಿದ್ದರು, ಹದಿನೆಂಟು ಜನ. ಅವರಲ್ಲೊಬ್ಬರು ಅಜ್ಜ. ದೊಡ್ಡ ರುಮಾಲು, ಹೆಗಲ ಮೇಲೆ ಕಂಬಳಿ, ಬಿಳಿ ಮೀಸೆ. ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು.

ನಾನು ಒಂದು ಆಟ ಹೂಡಿದ್ದೆ. ಅರ್ಧ ಜನ ಶಿಕ್ಷಕರಾಗಬೇಕು, ಉಳಿದ ಅರ್ಧ ಜನ ಅಕ್ಷರ ಬಾರದವರ ಹಾಗೆ ನಟಿಸಬೇಕು. ಕಲಿಯುವವನ ಕಷ್ಟ ಕಲಿಸುವವನಿಗೆ ತಿಳಿಯಲಿ ಎಂದು. ನಟಿಸುವುದು ಯಾರಿಗೂ ಬರಲಿಲ್ಲ. ಒಬ್ಬ ಪೂಜಾರಿ ಅಕ್ಷರ ಬಾರದವನಾಗಿ ಕುಂತವನು ಶಿಕ್ಷಕನ ಕಾಗುಣಿತ ತಿದ್ದಿದ. ಇನ್ನೊಬ್ಬ ನಿಮಿಷಕ್ಕೊಮ್ಮೆ ನಕ್ಕುಬಿಡುತ್ತಿದ್ದ.

ಅಜ್ಜ ಮಾತ್ರ ಅದ್ಭುತ. ಬಳಪವನ್ನು ಗುದ್ದಲಿ ಹಿಡಿದ ಹಾಗೆ ಹಿಡಿದರು. ‘ಗ’ ಬರೆಯಲು ಹೇಳಿದರೆ ಹಣೆಯ ಮೇಲೆ ಬೆವರು. ಪಾಟಿ ತಿರುಗಿಸಿ ಹಿಡಿದು, “ಇದು ಯಾವ ಕಡಿಯಿಂದ ಸುರು ಆಗ್ತದ ತಮ್ಮಾ?” ಎಂದು ಕೇಳಿದ ರೀತಿ ನೋಡಿ ನಾನು ಮೈಮರೆತೆ.

“ನೋಡ್ರಿ ಎಲ್ಲಾರೂ! ನಟನಾ ಅಂದ್ರ ಹಿಂಗಿರಬೇಕು! ಬೆವರು ಸೈತ ಬಂದದ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಇನ್ನೊಂದು ಗ ಬರೆದರು. ಎರಡನೆಯ ದಿನವೂ ಅವರನ್ನೇ ಮುಂದೆ ಕೂಡಿಸಿದೆ. ಮೂರನೆಯ ದಿನ ಅವರ ನಟನೆ ಸ್ವಲ್ಪ ಕಳಪೆಯಾಯಿತು ಅನ್ನಿಸಿತು, ಹತ್ತು ಹನ್ನೊಂದು ಅಕ್ಷರ ಸರಿಯಾಗಿ ಹೇಳಿಬಿಟ್ಟರು. “ಅಜ್ಜಾರ, ಇಷ್ಟ್ ಜಲ್ದಿ ಕಲಿಬ್ಯಾಡ್ರಿ, ಖರೇ ಅನಸಂಗಿಲ್ಲ” ಎಂದು ಎಚ್ಚರಿಸಿದೆ.

ನಾಲ್ಕನೆಯ ದಿನ ಒಬ್ಬೊಬ್ಬರೂ ಕೈಪಿಡಿಯ ಒಂದು ಪುಟ ಓದಿ ಪಾಠ ಮಾಡಿ ತೋರಿಸಬೇಕು. ಅಜ್ಜನ ಸರದಿ ಬಂತು. ಕೈಪಿಡಿ ಹಿಡಿದು ನಿಂತರು. ಪುಟವನ್ನು ಅತ್ತಿತ್ತ ತಿರುಗಿಸಿ ನೋಡಿದರು.

“ಓದ್ರಿ ಅಜ್ಜಾರ. ಇನ್ನ ನಟನಾ ಸಾಕು.”

“ಯಾವ ನಟನಾ ತಮ್ಮಾ?” ಎಂದರು.

ಆಮೇಲೆ ಹೊರಬಿತ್ತು. ಅವರ ಊರು ಶಹಾಪುರದಿಂದ ಎರಡು ಹರದಾರಿ. ‘ಓದು ಬರಹ ಬಲ್ಲ ಒಬ್ಬರನ್ನು ಕಳಿಸಿರಿ’ ಎಂದು ನಾನೇ ಊರ ಹಿರಿಯರಿಗೆ ಪತ್ರ ಬರೆದಿದ್ದೆ. ಪತ್ರ ಮುಟ್ಟಿತು. ಅದನ್ನು ಓದುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಪತ್ರ ತಂದ ಗಾಡಿಯವನು, “ಶಹಾಪುರದಾಗ ನಾಕ್ ದಿನ ಅಕ್ಷರದ್ದೇನೋ ಅದಂತ” ಎಂದು ಬಾಯಿಮಾತಿನಲ್ಲಿ ಹೇಳಿದ. ಅಕ್ಷರ ಕಲಿಸುತ್ತಾರೆಂದರೆ ಮೊದಲು ಊರಿನ ಹಿರಿಯರೇ ಕಲಿತು ಬರಲಿ ಎಂದು ಊರವರು ಅಜ್ಜನನ್ನು ಕಳಿಸಿದ್ದರು.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ದಿನ ಆ ಹಿರಿಯ ಜೀವ ಬೆವರು ಸುರಿಸಿ ಕಲಿಯುತ್ತಿದ್ದರೆ ನಾನು ಚಪ್ಪಾಳೆ ತಟ್ಟಿಸಿದ್ದೆ. “ತಪ್ಪಾತ್ರಿ ಅಜ್ಜಾರ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದೆ.

“ಬ್ಯಾಸರ ಯಾಕ? ನಾ ತಪ್ಪು ಬರದ್ರ ಮಂದಿ ಚಪ್ಪಾಳಿ ಹೊಡದ್ರು. ಹಿಂಗ ಕಲಿಸಿದ್ರ ಯಾರ್ ಬ್ಯಾಡಂತಾರ? ಉಳಿದವ್ರನ್ನ ನೋಡಿ ನನಗ ಭಾಳ ಪಾಪ ಅನಿಸ್ತು. ಇಷ್ಟ್ ಓದಿದ ಮಂದಿ, ಅಕ್ಷರ ಬರಂಗಿಲ್ಲ ಅಂತ ಸುಳ್ಳ್ ಸುಳ್ಳ್ ಕುಂತಿದ್ರಲ್ಲ, ಮನಿಯಾಗ ಏನ್ ತ್ರಾಸ ಅದನೋ ಅಂತ ನಾ ಕೇಳಲಿಲ್ಲ.”

ಅಜ್ಜ ಹನ್ನೊಂದು ಅಕ್ಷರ ತಗೊಂಡು ಊರಿಗೆ ಹೋದರು. ಅಷ್ಟನ್ನೇ ಊರಿಗೆ ಕಲಿಸಿದರು. ಎಂಟು ದಿನಕ್ಕೊಮ್ಮೆ ನಡೆದು ಬಂದು ನನ್ನ ಹತ್ತಿರ ಮತ್ತೆ ನಾಲ್ಕೈದು ಕಲಿತು ಒಯ್ಯುತ್ತಿದ್ದರು. ಒಂದು ಸಲ ಅವರ ವರ್ಗದವರು ಇದ್ದದ್ದನ್ನೆಲ್ಲ ಬೇಗ ಕಲಿತು, “ಮುಂದಿಂದು ಹೇಳ್ರಿ” ಎಂದು ಪಟ್ಟು ಹಿಡಿದರಂತೆ. ಅಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರಂತೆ.

“ಮುಂದಿಂದು ಶಹಾಪುರದಾಗ ಅದ. ಕೂಡ್ರಿ, ತರ್ತೀನಿ.”

ಅಮೀನ ಸಾಹೇಬರು ಬಂದದ್ದು

ಆಗ ನಾಲ್ಕು ಜನ ಒಂದು ಕಡೆ ಕೂಡಬೇಕೆಂದರೂ ಸರಕಾರದ ಇಜಾಜತ್ ಬೇಕು, ಅಂದರೆ ಅನುಮತಿ. ನಮಗೆ ‘ಬರೀ ತಾಲೀಮು, ಓದು ಬರಹ, ಬೇರೇನೂ ಇಲ್ಲ’ ಎಂಬ ಶರತ್ತಿನ ಮೇಲೆ ಒಂದು ಕಾಗದ ಸಿಕ್ಕಿತ್ತು. ಆ ಕಾಗದ ಹೋದರೆ ಎಲ್ಲ ಊರಿನ ಕೆಲಸ ನಿಂತ ಹಾಗೆ.

ಸುರಪುರದಲ್ಲಿ ಒಬ್ಬ ವ್ಯಾಪಾರಿಯ ಮನೆಯ ಅಂಗಳದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಅಕ್ಕೋರಿಗೆ ತರಬೇತಿ ನಡೆದಿತ್ತು. ಅಕ್ಕೋರು ಪಾಠ ಮಾಡಿ ತೋರಿಸಬೇಕು, ನಾನು ನೋಡಬೇಕು. ಕಲಿಯುವವರಾಗಿ ಓಣಿಯ ಏಳೆಂಟು ಹೆಣ್ಣುಮಕ್ಕಳು ಬರುತ್ತಿದ್ದರು. ಅವರಲ್ಲಿ ಬಜಾರಿನಲ್ಲಿ ಬದನೆಕಾಯಿ ಮಾರುವ ಒಬ್ಬ ಮುದುಕಿಯೂ ಇದ್ದಳು. ಬಜಾರಕ್ಕೆ ಹೋಗುವ ದಾರಿಯಲ್ಲಿ ಬುಟ್ಟಿ ಇಳಿಸಿ, ಒಂದು ತಾಸು ಕುಂತು, ಹೋಗುತ್ತಿದ್ದಳು.

ಅಂದಿನ ಪಾಠ ಅಂಕಿಗಳ ಹೆಸರು. ನಾನು ದಪ್ಪ ಕಾಗದದ ಮೇಲೆ ಒಂದೊಂದು ಮಾತು ಬರೆದ ಚೀಟಿಗಳನ್ನು ಒಂದು ದಾರಕ್ಕೆ ಸಾಲಾಗಿ ಸಿಕ್ಕಿಸಿದ್ದೆ. ಏಳು. ಹತ್ತು. ಕೂಡು. ಆರು. ಕಳೆ. ಏಳಕ್ಕೆ ಹತ್ತು ಕೂಡಿ, ಅದರಲ್ಲಿ ಆರು ಕಳೆದರೆ ಎಷ್ಟು? ಇಷ್ಟೇ ಲೆಕ್ಕ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಟಾಂಗಾ ನಿಂತಿತು. ಪೊಲೀಸ್ ಅಮೀನ ಸಾಹೇಬರು ಇಳಿದರು, ಹಿಂದೆ ಅವರ ಮುನ್ಶಿ. ಯಾರೋ ಚಾಡಿ ಹೇಳಿದ್ದರು. ಸಾಹೇಬರಿಗೆ ಕನ್ನಡ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮುನ್ಶಿಗೆ ಅಕ್ಷರ ಬರುತ್ತಿತ್ತು.

“ಯೆ ಕ್ಯಾ ಲಿಖಾ ಹೈ?” ಎಂದು ಸಾಹೇಬರು ದಾರದ ಕಡೆ ಬೆತ್ತ ತೋರಿಸಿದರು.

ಮುನ್ಶಿ ಹತ್ತಿರ ಹೋಗಿ ಓದಿದ. ಓದುತ್ತ ಓದುತ್ತ ಅವನ ಮುಖ ಬಿಳಿಚಿತು.

“ಹುಜೂರ್... ‘ಏಳು’, ಯಾನೆ ಉಠೋ. ‘ಹತ್ತು’, ಚಢೋ. ‘ಕೂಡು’, ಇಕಟ್ಠಾ ಹೋ ಜಾವ್. ‘ಆರು’... ಬತ್ತಿ ಬುಝಾವ್. ‘ಕಳೆ’... ಗುಮ್ ಹೋ ಜಾವ್.”

ಏಳಿರಿ, ಹತ್ತಿರಿ, ಒಂದಾಗಿರಿ, ದೀಪ ಆರಿಸಿರಿ, ಮಾಯವಾಗಿರಿ! ನಾನೇ ಬರೆದದ್ದು, ನನಗೇ ಒಂದು ಕ್ಷಣ ನನ್ನ ಮೇಲೆ ಅನುಮಾನ ಬಂತು.

“ಹುಜೂರ್, ಇದು ಹಿಸಾಬು, ಲೆಕ್ಕ!” ಎಂದೆ. “ಏಳು ಅಂದರೆ ಸಾತ್. ಹತ್ತು ಅಂದರೆ ದಸ್. ಕೂಡು ಅಂದರೆ ಜಮಾ!”

“ಜಮಾ!” ಸಾಹೇಬರು ಬೆತ್ತ ಕುಟ್ಟಿದರು. “ಅಂದ್ರ ಮಂದಿ ಜಮಾ ಮಾಡೂದು ನೀವೇ ಒಪ್ಪಿದ್ರಿ!”

ಉರ್ದುವಿನಲ್ಲಿಯೂ ಆ ಮಾತಿಗೆ ಎರಡು ಅರ್ಥ ಇರುವುದು ನನಗೆ ಆಗ ನೆನಪಾಯಿತು. ಟ್ರಂಕು ಠಾಣೆಗೆ ಒಯ್ಯಬೇಕು, ಕಲಿಸುವವರ ಹೆಸರೆಲ್ಲ ಬರೆದುಕೊಡಬೇಕು, ಇಜಾಜತ್ ರದ್ದು ಎಂದರು ಸಾಹೇಬರು. ಅಕ್ಕೋರ ಕಣ್ಣಲ್ಲಿ ನೀರು ಬಂತು. ಆದರೂ ಧೈರ್ಯ ಮಾಡಿ, “ಹುಜೂರ್, ಕಲಿಯೋರನ್ನೇ ಕೇಳಿ ನೋಡ್ರಿ. ಅವ್ರು ಏನ್ ತಿಳ್ಕೊಂಡಾರ ಅಂತ” ಎಂದರು.

ಸಾಹೇಬರು ನ್ಯಾಯವಂತರು. ಒಪ್ಪಿದರು. ನಾನು ಸನ್ನೆ ಮಾಡದ ಹಾಗೆ ನನ್ನನ್ನು ಬೇವಿನ ಗಿಡದ ಕಡೆ ಮುಖ ಮಾಡಿ ನಿಲ್ಲಿಸಿದರು. ಸುತ್ತ ನೋಡಿ ಬೆತ್ತ ತೋರಿಸಿದ್ದು ಬದನೆಕಾಯಿ ಮುದುಕಿಯ ಕಡೆ. ಅವಳು ಆಗಷ್ಟೇ ಬಂದು ಬುಟ್ಟಿ ಇಳಿಸಿ ಕುಂತಿದ್ದಳು. ನಡೆದದ್ದು ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಮುನ್ಶಿ ಚೀಟಿಗಳನ್ನು ದಾರದಿಂದ ಬಿಚ್ಚಿಕೊಂಡು ಮೊದಲನೆಯದನ್ನು ಅವಳ ಮುಂದೆ ಹಿಡಿದ.

“ಏ... ಳು. ಏಳು” ಎಂದು ಓದಿದಳು.

ಓದಿ, ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. ನಾನು ಗಿಡದ ತೊಗಟೆಯ ಕಡೆ ಮುಖ ಮಾಡಿದ್ದರೂ ಓರೆಗಣ್ಣಿಗೆ ಕಂಡಿತು. ಮುಗಿಯಿತು ಅಂದುಕೊಂಡೆ.

ಎರಡನೆಯ ಚೀಟಿ. “ಹ... ತ್ತು. ಹತ್ತು.” ಮುದುಕಿ ಅತ್ತ ಇತ್ತ ನೋಡಿದಳು. ಹತ್ತುವಂಥದ್ದು ಅಂಗಳದಲ್ಲಿ ಏನೂ ಇರಲಿಲ್ಲ. ಬಾಗಿಲಲ್ಲಿ ಟಾಂಗಾ ಇತ್ತು. ಬುಟ್ಟಿ ಬಗಲಿಗೆ ಏರಿಸಿಕೊಂಡು, ಸಾಹೇಬರ ಪಕ್ಕದಿಂದಲೇ ಹಾಯ್ದು ಹೋಗಿ, ಪಾವಟಿಗೆಯ ಮೇಲೆ ಕಾಲಿಟ್ಟು ಹತ್ತಿದಳು. ಕುದುರೆ ಒಂದು ಸಲ ಕೆನೆಯಿತು. ಮುನ್ಶಿ ಚೀಟಿ ಹಿಡಿದುಕೊಂಡು ಅವಳ ಹಿಂದೆ ಓಡಿದ.

“ಕೂ... ಡು. ಕೂಡು.” ಅಮೀನ ಸಾಹೇಬರ ಗಾದಿಯ ಮೇಲೆ ಆರಾಮಾಗಿ ಕುಂತಳು, ಬುಟ್ಟಿಯನ್ನು ಪಕ್ಕದಲ್ಲಿಟ್ಟಳು.

ನಾಲ್ಕನೆಯ ಚೀಟಿ ‘ಆರು’. ಓದಿ ಟಾಂಗಾದ ಕಂದೀಲಿನ ಕಡೆ ನೋಡಿ, “ಏನ್ ಆರ್ಬೇಕಪ್ಪಾ? ಹಗಲ ಹೊತ್ತಿನ್ಯಾಗ ಯಾರ್ ದೀಪ ಹಚ್ತಾರ?” ಎಂದಳು.

ಸಾಹೇಬರು ನನ್ನ ಕಡೆ ನೋಡಿದ ನೋಟ ಬೆನ್ನಿಗೇ ತಟ್ಟಿತು. ಮುನ್ಶಿ ಕೊನೆಯ ಚೀಟಿ ಹಿಡಿದ.

“ಕ... ಳೆ. ಕಳೆ.” ಮುದುಕಿ ಈ ಸಲ ಯೋಚಿಸಲೇ ಇಲ್ಲ. “ಇದು ನನಗ್ ಗೊತ್ತದ. ಕಳಿ ಅಂದ್ರ ಕಡಿಮಿ ಮಾಡು. ಏಳ್ ಅಂದ್ರಿ, ಎದ್ದೆ. ಹತ್ತ್ ಅಂದ್ರಿ, ಹತ್ತಿದೆ. ಕೂಡ್ ಅಂದ್ರಿ, ಕುಂತೆ. ಆದ್ರ ಬದನಿಕಾಯಿ ಧಾರಣಿ ಮಾತ್ರ ಕಡಿಮಿ ಮಾಡು ಅನ್ಬ್ಯಾಡ್ರಿ ಸಾಹೇಬ್ರ. ಪೊಲೀಸ್ರಿರಲಿ, ಯಾರರೇ ಇರಲಿ, ಕಳಿಯಂಗಿಲ್ಲ!”

ಸಾಹೇಬರು ಮುನ್ಶಿಯ ಕಡೆ ತಿರುಗಿದರು. “ಕಡಿಮಿ? ಯಾನೆ ಕಮ್ ಕರೋ? ತೋ ಯೆ ಹಿಸಾಬಚ್ ಹೈ!”

“ಹೌದ್ರಿ ಹುಜೂರ್,” ಎಂದ ಮುನ್ಶಿ ತಲೆ ತಗ್ಗಿಸಿ. “ಹಿಸಾಬೇ ಕಾಣ್ತದ. ಹದಿನೇಳ್ರಾಗ ಆರು ಕಳದ್ರ... ಗ್ಯಾರಾ, ಹನ್ನೊಂದು.”

ಸಾಹೇಬರು ನಗು ತಡೆದುಕೊಂಡರು, ಮೀಸೆ ತಡೆಯಲಿಲ್ಲ. ಹೊಟ್ಟೆ ಹಿಡಿದು ನಕ್ಕರು. ನನ್ನನ್ನು ಬೇವಿನ ಗಿಡದಿಂದ ಬಿಡಿಸಿದರು. ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಂಡು ತಾವೂ ನಕ್ಕರು.

“ಇಳಿ ಅವ್ವಾ, ಪಾಠ ಮುಗೀತು” ಎಂದು ಮುನ್ಶಿ ಮುದುಕಿಗೆ ಹೇಳಿದ.

“ಇಳಿ ಅಂತ ಚೀಟಿ ಎಲ್ಲಿ ಅದ? ತೋರ್ಸು, ಓದಿ ಇಳೀತೀನಿ” ಎಂದಳು ಮುದುಕಿ.

ನಾನು ಟ್ರಂಕನ್ನೆಲ್ಲ ಹುಡುಕಿದೆ. ಅಂಥ ಚೀಟಿ ನಾನು ಬರೆದೇ ಇರಲಿಲ್ಲ. ಲೇಖನಿ ತೆಗೆದುಕೊಳ್ಳುವಷ್ಟರಲ್ಲಿ ಸಾಹೇಬರೇ ಕೈ ಅಡ್ಡ ಹಿಡಿದರು. ಟಾಂಗಾದವನಿಗೆ ಬಜಾರದ ಕಡೆ ಹೊಡೆಯಲು ಹೇಳಿದರು. ಅಂದು ಸುರಪುರದ ಬಜಾರಿನಲ್ಲಿ ಅಮೀನರ ಟಾಂಗಾ ಬರುವುದನ್ನು ಕಂಡು ಅಂಗಡಿಯವರೆಲ್ಲ ಗಾಬರಿಯಿಂದ ಎದ್ದು ಸಲಾಮು ಮಾಡಿದರಂತೆ, ಇಳಿದದ್ದು ಬದನೆಕಾಯಿ ಬುಟ್ಟಿ.

ಸಾಹೇಬರು ಮುನ್ಶಿಯ ಜೊತೆ ನಡೆದುಕೊಂಡೇ ಠಾಣೆಗೆ ಹೊರಟರು. ಬಾಗಿಲಲ್ಲಿ ನಿಂತು ನನಗೆ ಹೇಳಿದರು:

“ಇಜಾಜತ್ ಬರಾಬರ್ ಅದ ಮಾಸ್ತರ್, ಚಲಾಯಿಸ್ರಿ. ಒಂದೇ ಶರ್ತು. ನನ್ನ ಟಾಂಗಾ ಬಾಗಲಾಗ ನಿಂತಾಗ ‘ಹತ್ತು’ ಕಲಿಸ್ಬ್ಯಾಡ್ರಿ. ಒಂಬತ್ತಕ್ಕ ನಿಲ್ಲಸ್ರಿ.”